ನಲವತ್ತನಾಲ್ಕನೇ ಮನೆಯ ಗುರುತು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇದು ಶುರುವಾದ ಹೊತ್ತು. ನನ್ನ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: 'ಮಸೀದಿ ಬೀದಿ. ಒಟ್ಟು ಮನೆ ಐವತ್ತೇಳು. ಮೊದಲ ಗುರುತು ಮೂರನೇ ಮನೆಗೆ.' ಅಕ್ಷರ ದುಂಡಗಿದೆ, ಎಲ್ಲೂ ಹೊಡೆದುಹಾಕಿಲ್ಲ. ಮರುದಿನದ ಪುಟ ಹಾಗಿಲ್ಲ. ಅದನ್ನು ನಾನೇ ಈಗ ಕಷ್ಟಪಟ್ಟು ಓದಬೇಕು.

ನಾನು ವಿಶ್ವವಿದ್ಯಾಲಯವೊಂದರ ಶಾಂತಿ ಅಧ್ಯಯನ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಊರು ಕೊಡಿಗೇನಹಳ್ಳಿ. ಮಗಳು ಏನು ಓದುತ್ತಾಳೆ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಅಮ್ಮ ಪ್ರತಿಸಲವೂ ಬೇರೆ ಬೇರೆ ಉತ್ತರ ಕೊಡುತ್ತಾಳೆ. ಒಮ್ಮೆ "ಪೊಲೀಸ್ನೋರ್ ಥರಾನೇ ಕಣಮ್ಮ, ಲಾಠಿ ಒಂದಿಲ್ಲ" ಎಂದಿದ್ದಳು. ನನ್ನ ವಿಷಯ ಅಷ್ಟು ದೊಡ್ಡದಲ್ಲ. ಹಳ್ಳಿಯಲ್ಲಿ ಎರಡು ಗುಂಪಿನ ನಡುವೆ ಹುಟ್ಟಿದ ಜಗಳ ಹೊಡೆದಾಟಕ್ಕೆ ಹೋಗದೆ ನಿಂತದ್ದು ಹೇಗೆ, ನಿಲ್ಲಿಸಿದವರು ಯಾರು, ಎಷ್ಟು ದಿನ ಹಿಡಿಯಿತು ಎಂದು ಕೇಳಿ ಬರೆದುಕೊಳ್ಳುವುದು. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ತಾಲ್ಲೂಕುಗಳಲ್ಲಿ ಒಂದೊಂದು ಹಳ್ಳಿ. ಐದು ಮನೆಗೆ ಒಂದರಂತೆ ಹೋಗಬೇಕು. ಇಷ್ಟ ಬಂದ ಮನೆಗೆ ಹೋಗುತ್ತ ಕೂತರೆ ಮಾತುಗಾರರ ಮನೆಗಳಷ್ಟೇ ಸಿಗುತ್ತವೆ, ಬಾಯಿ ಬಿಡದವರು ಹಾಗೇ ಉಳಿದುಬಿಡುತ್ತಾರೆ ಎಂದು ನಮಗೆ ಕಲಿಸಿದ್ದರು.

ಗುರುತು ಹಾಕುವ ಅಭ್ಯಾಸ ಶುರುವಾದದ್ದು ತೋವಿನಕೆರೆಯ ಕಡೆಯ ಹಳ್ಳಿಯಲ್ಲಿ ಆದ ಪೇಚಿನಿಂದ. ಅಲ್ಲಿ ನಾನು ಎರಡು ಮನೆಗಳಿಗೆ ಎರಡೆರಡು ಸಲ ಹೋಗಿಬಿಟ್ಟೆ. ಎರಡನೇ ಮನೆಯ ಅಜ್ಜಿ ಸೊಪ್ಪು ಬಿಡಿಸುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊನ್ನೆ ಎಲ್ಲಾ ಹೇಳಿದ್ನಲ್ಲವ್ವ, ಮರ್ತ್ಬುಟ್ಯಾ? ಇವ್ಳಿಗೆ ಓದು ಹೆಂಗ್ ಹತ್ತುತ್ತೋ ಕಾಣೆ" ಎಂದಳು. ನನ್ನ ಮಾರ್ಗದರ್ಶಕಿಯೂ ಬೈದರು. ಪಲ್ಸ್ ಪೋಲಿಯೋ ಹನಿ ಹಾಕುವವರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನಾನೂ ಹಾಗೇ ಮಾಡಿದೆ. ಬಾಗಿಲ ಚೌಕಟ್ಟಿನ ಎಡಗಡೆ, ನನ್ನ ಭುಜದ ಎತ್ತರಕ್ಕೆ, ಒಂದು ಸುತ್ತು, ನಡುವೆ ಒಂದು ಚುಕ್ಕೆ. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ.

ಪಾವಗಡದ ಕಡೆ, ವಳ್ಳೂರಿಗೆ ಹತ್ತಿರದ ಹಳ್ಳಿಯಲ್ಲಿ, ಆ ಗುರುತಿಗೆ ಬೇಡಿಕೆಯೇ ಬಂತು. ಸೋಲಾರ್ ಕಂಪನಿಯವರು ಮತ್ತೆ ಬಾಡಿಗೆಗೆ ಜಮೀನು ಕೇಳಲು ಬಂದಿದ್ದಾರೆ, ಗುರುತು ಬಿದ್ದ ಮನೆಗೆ ದುಡ್ಡು ಬರುತ್ತದೆ ಎಂದುಕೊಂಡು ಒಬ್ಬ ಹೆಂಗಸು ನನ್ನ ಹಿಂದೆಯೇ ಬೀದಿಯುದ್ದಕ್ಕೂ ಬಂದು ಅರ್ಧ ತೆಲುಗಿನಲ್ಲಿ ಕೇಳಿದಳು: "ಮಾ ಇಂಟಿಕೀ ಒಂದು ಹಾಕಮ್ಮಾ, ಪಕ್ಕಿಂಟೋಳ್ಗೆ ಹಾಕಿ ನಮ್ಗ್ಯಾಕೆ ಇಲ್ಲ?" ಅವಳ ಮನೆ ನನ್ನ ಲೆಕ್ಕದಲ್ಲಿ ಇರಲಿಲ್ಲ, ಹಾಕಲಿಲ್ಲ. ಅವಳು ಸಿಟ್ಟು ಮಾಡಿಕೊಂಡಳು. ಒಂದು ಸುತ್ತು ಮತ್ತು ಒಂದು ಚುಕ್ಕೆಯನ್ನು ಜನ ತಮ್ಮ ತಮ್ಮ ಊರಿನ ರೀತಿಯಲ್ಲಿ ಓದಿಕೊಳ್ಳುತ್ತಾರೆ ಎಂದು ಅಲ್ಲೇ ಗೊತ್ತಾಗಬೇಕಿತ್ತು. ನಾನು ಅದನ್ನು ತಮಾಷೆಯೆಂದು ಬರೆದುಕೊಂಡು ಪುಟ ತಿರುವಿದೆ.

ಕೊನೆಯದು ಶಿರಾ ತಾಲ್ಲೂಕಿನ ಹಳ್ಳಿ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಎರಡು ಬೀದಿ. ಮುಂದಿನದು ಕುರಿ ಸಾಕುವವರ ಬೀದಿ, ಹಿಂದಿನದು ಮಸೀದಿ ಬೀದಿ. ಹಿಂದಿನ ಬೀದಿಯ ಕೆಲವರು ಮುಂದಿನ ಬೀದಿಯವರ ಕುರಿ ಕೊಂಡು ಸಂತೆಗೆ ಸಾಗಿಸುತ್ತಾರೆ, ಉಳಿದವರಲ್ಲಿ ಟೈಲರ್, ಗಾರೆಯವರು, ಡ್ರೈವರ್‌ಗಳು ಇದ್ದಾರೆ. ನನ್ನನ್ನು ಕರೆದುಕೊಂಡು ಓಡಾಡಿಸಿದವರು ಆ ಊರಿನ ಆಶಾ ಕಾರ್ಯಕರ್ತೆ. ಅವರದು ಕುರಿಯವರ ಬೀದಿ, ಆದರೆ ಎರಡೂ ಬೀದಿಯ ಬಸುರಿ ಬಾಣಂತಿಯರ ಲೆಕ್ಕ ಅವರ ಕೈಯಲ್ಲಿ. ರಂಜಾನ್ ತಿಂಗಳಾದ್ದರಿಂದ ಮಧ್ಯಾಹ್ನದ ಮೇಲೆ ಉಪವಾಸದವರಿಗೆ ಸುಸ್ತು, ಆದಷ್ಟು ಬೆಳಗ್ಗೆಯೇ ಮುಗಿಸೋಣ ಎಂದು ಮಸೀದಿ ಬೀದಿಯನ್ನು ಮೊದಲು ಹಿಡಿದೆವು. ಮೂರನೇ ಮನೆಯಿಂದ ಶುರು ಮಾಡಿ ಐವತ್ತಮೂರನೇ ಮನೆಯವರೆಗೆ ಹನ್ನೊಂದು ಮನೆಗೆ ಗುರುತು ಹಾಕಿ, ಆಮೇಲೆ ಒಂದೊಂದಾಗಿ ಮಾತಿಗೆ ಕೂತೆ. ನಾಲ್ಕು ಮನೆ ಮುಗಿಯಿತು. ಬುಧವಾರ ನನಗೆ ವಿಶ್ವವಿದ್ಯಾಲಯದಲ್ಲಿ ತರಗತಿ ಇತ್ತು. ಉಳಿದ ಏಳು ಮನೆ, ಆಮೇಲೆ ಕುರಿಯವರ ಬೀದಿ, ಎಲ್ಲ ಗುರುವಾರಕ್ಕೆ ಎಂದು ಹೇಳಿ ಬಸ್ಸು ಹತ್ತಿದೆ.

ಬುಧವಾರ ಹನ್ನೊಂದು ಗಂಟೆಗೆ ಮಾರ್ಗದರ್ಶಕಿ ಎಂ.ಎ. ವಿದ್ಯಾರ್ಥಿಗಳಿಗೆ ಹಿಂಸೆಯ ಮುನ್ಸೂಚನೆಗಳ ಬಗ್ಗೆ ಪಾಠ ಮಾಡಿದರು. ಸಂಶೋಧನಾ ವಿದ್ಯಾರ್ಥಿಗಳೂ ಹಿಂದಿನ ಸಾಲಿನಲ್ಲಿ ಕೂರಬೇಕು. ಅವರು ಹೇಳಿದ್ದನ್ನು ನಾನು ಅಂಕಿ ಹಾಕಿ ಬರೆದುಕೊಳ್ಳುತ್ತಿದ್ದೆ. ಒಂದು, ಹುಟ್ಟು ಗೊತ್ತಿಲ್ಲದ ಸುದ್ದಿ. ಎರಡು, ಅಂಗಡಿಗಳು ಬೇಗ ಮುಚ್ಚುವುದು. ಮೂರು, ಹೆಣ್ಣುಮಕ್ಕಳನ್ನು ನೆಂಟರ ಊರಿಗೆ ಕಳಿಸುವುದು. ನಾಲ್ಕು, ಗಂಡಸರು ಕಾರಣವಿಲ್ಲದೆ ಬೀದಿಯ ಬಾಯಲ್ಲಿ ಕೂರುವುದು. ಐದು, ಒಂದು ಸಮುದಾಯದ ಮನೆಗಳ ಮೇಲೆ ಗುರುತು. ಐದನೆಯದರ ಕೆಳಗೆ ಅಡ್ಡಗೆರೆ ಎಳೆದೆ.

ಫೋನು ತೆಗೆದು ನೋಡಿದೆ. ಆಶಾ ಕಾರ್ಯಕರ್ತೆಯ ಕರೆ ಆರು ಸಲ ಬಂದಿತ್ತು.

ಹೊರಗೆ ಬಂದು ಮಾತಾಡಿದೆ. ಅವರ ದನಿ ತಗ್ಗಿತ್ತು. "ಮೇಡಂ, ಎಲ್ಲಿದ್ದೀರಾ? ಆ ಗುಂಡ್ರುಗುರ್ತು ಯಾರೋ ಫೋಟೋ ಹೊಡ್ದು ಫೋನಾಗೆ ಬುಟ್ಟವ್ರೆ. 'ಈ ಬೀದಿಗೇ ಯಾಕೆ' ಅಂತ ಬರ್ದವ್ರೆ. ಬೆಳಗ್ಗಿಂದ ಮೂರು ಮನೇರು ಹೆಣ್ಮಕ್ಕಳ್ನ ಶಿರಾಕ್ಕೆ ಕಳ್ಸಿದ್ರು. ಗಂಡಸ್ರು ಬೀದಿ ಬಾಯಾಗೆ ಕುಂತವ್ರೆ. ಅವ್ರು ಯಾಕ್ ಕುಂತವ್ರೆ ಅಂತ ನಮ್ ಬೀದಿಯೋರು ನಿಂತವ್ರೆ."

"ನೀವು ಹೇಳಲಿಲ್ಲವಾ, ಸರ್ವೆ ಅಂತ?"

"ಹೇಳ್ದೆ. ನಾನೇ ಜತೇಲಿ ಬಂದು ತೋರ್ಸಿಕೊಟ್ಟೆ ಅಂತವ್ರೆ ಈಗ. ನೀವ್ ಬಂದ್ಬುಡಿ ಮೇಡಂ."

ಮಾರ್ಗದರ್ಶಕಿಗೆ ಒಂದು ಚೀಟಿ ಬರೆದಿಟ್ಟು ಹೊರಟೆ. ಬಸ್ಸಿನಲ್ಲಿ ಕಳೆದ ಎರಡೂವರೆ ಗಂಟೆಯಲ್ಲಿ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: 'ಹನ್ನೊಂದು. ಹನ್ನೊಂದೂ ಅಳಿಸಬೇಕು.'

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹಳ್ಳಿಯಲ್ಲಿ ಇಳಿದೆ. ಟೀ ಅಂಗಡಿ ಮುಚ್ಚಿತ್ತು, ಅದು ರಂಜಾನಿಗೋ ಬೇರೆ ಕಾರಣಕ್ಕೋ ತಿಳಿಯಲಿಲ್ಲ. ಮಸೀದಿ ಬೀದಿಯ ಬಾಯಲ್ಲಿ ಹದಿನೇಳು ಜನ ಕೂತಿದ್ದರು. ಎದುರಿಗೆ ಬೇವಿನ ಮರದ ಕೆಳಗೆ ಕುರಿಯವರ ಬೀದಿಯ ಇಪ್ಪತ್ತು ಜನ.

ಆಶಾ ಕಾರ್ಯಕರ್ತೆ ನನ್ನ ಕೈ ಹಿಡಿದು ಎರಡೂ ಗುಂಪಿನ ನಡುವೆ ತಂದು ನಿಲ್ಲಿಸಿದರು. ನಾನು ನನ್ನ ಗುರುತಿನ ಚೀಟಿ ತೋರಿಸಿದೆ. ಐದು ಮನೆಗೆ ಒಂದು ಎಂದು ವಿವರಿಸಿದೆ. ಮಸೀದಿ ಬೀದಿಯ ಒಬ್ಬ ಯುವಕ ಕೇಳಿದ, "ಐದನೇದೇ ಯಾಕೆ? ನಾಲ್ಕನೇ ಮನೆಯೋರು ಏನ್ ಪಾಪ ಮಾಡಿದ್ರು?" ಮರದ ಕೆಳಗಿನಿಂದ ಯಾರೋ ನಕ್ಕರು. ಈ ಕಡೆಯ ಯಾರೂ ನಗಲಿಲ್ಲ.

"ಪೋಲಿಯೋದೋರು ಎಲ್ಲಾ ಬೀದಿಗೂ ಹಾಕ್ತಾರೆ," ಎಂದ ಇನ್ನೊಬ್ಬ. "ಇವ್ರು ಆರಿಸ್ಕೊಂಡು ಹಾಕವ್ರೆ."

ಆಗ ಕಲ್ಲಿನ ಮೇಲೆ ಕೂತಿದ್ದ ಒಬ್ಬ ಹಿರಿಯರು ಎದ್ದರು. ಕುರಿ ವ್ಯಾಪಾರಿ. ಉಪವಾಸದಿಂದ ತುಟಿ ಒಣಗಿತ್ತು. ಸಿಟ್ಟಿಲ್ಲದೆ ಮಾತಾಡಿದರು.

"ಬೇಟಿ, ನೀನು ಓದಿದವಳು, ಕೇಳ್ತೀನಿ ಹೇಳು. ನಾನು ಆ ಬೀದಿಯೋರ ಕುರಿ ಕೊಂಡ್ರೆ ಅವತ್ತೇ ಹೊಡ್ಕೊಂಡ್ ಹೋಗಲ್ಲ. ಬೆನ್ನ ಮೇಲೆ ಬಣ್ಣದಲ್ಲಿ ಒಂದು ಗುಂಡ್ರು ಹಾಕಿ ಅವರ ಮಂದೆಯಲ್ಲೇ ಬಿಡ್ತೀನಿ. ಹಬ್ಬ ಹತ್ರ ಬಂದಾಗ ಬಂದು ಹಿಡೀತೀನಿ. ಹೌದೇನಪ್ಪ?" ಎಂದು ಮರದ ಕೆಳಗಿನವರನ್ನು ನೋಡಿದರು. ಅವರು ಹೌದೆಂದು ತಲೆಯಾಡಿಸಿದರು. "ಈ ಊರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಗುಂಡ್ರು ಬಿದ್ದ ಕುರಿ ಏನಾಗುತ್ತೆ ಅಂತ. ನಿನ್ನೆ ಸಂಜೆ ನಾನು ಮನೆಗ್ ಬಂದೆ. ನನ್ ಬಾಗ್ಲಲ್ಲಿ ಅದೇ ಇತ್ತು."

ಅಲ್ಲಿ ನಿಂತ ಎಲ್ಲರೂ ಆ ಗುರುತನ್ನು ಒಂದೇ ರೀತಿ ಓದಿದ್ದರು. ಬೀದಿಯ ಆ ತುದಿಯಲ್ಲಿ, ಬೇಲಿಯ ಒಳಗೆ, ಬೆನ್ನ ಮೇಲೆ ಕೆಂಪು ಸುತ್ತು ಹೊತ್ತ ಕುರಿಗಳು ನಿಂತಿದ್ದವು. ಮಂಗಳವಾರವೂ ಅವು ಅಲ್ಲೇ ಇದ್ದಿರಬೇಕು.

"ಅಳಿಸ್ತೀನಿ," ಎಂದೆ. "ಎಲ್ಲರ ಮುಂದೆ, ನಾನೇ. ತಪ್ಪಾಯ್ತು."

ಒದ್ದೆ ಬಟ್ಟೆ ಹಿಡಿದು ಮೂರನೇ ಮನೆಯಿಂದ ಶುರು ಮಾಡಿದೆ. ಆಶಾ ಕಾರ್ಯಕರ್ತೆ ಪಕ್ಕದಲ್ಲಿ, ಹಿಂದೆ ಎರಡೂ ಬೀದಿಯ ಜನ. ಪ್ರತಿ ಬಾಗಿಲಲ್ಲೂ ಮನೆಯವರನ್ನು ಕರೆದು, ಇದು ನಾನು ಹಾಕಿದ್ದು, ಇಂಥ ಕಾರಣಕ್ಕೆ ಎಂದು ಹೇಳಿ ಒರೆಸಿದೆ. ಮೂರು, ಎಂಟು, ಹದಿಮೂರು. ನಾಲ್ಕೈದು ಮನೆ ದಾಟುವಷ್ಟರಲ್ಲಿ ಹಿಂದೆ ಮಾತುಕತೆ ಶುರುವಾಯಿತು. "ಸುಣ್ಣ ಹೊಡ್ಯೋಕೂ ನೀನೇ ಬಾರಮ್ಮ, ಗೋಡೆ ಪೂರ್ತಿ ಒರ್ಸು," ಎಂದು ಯಾರೋ ಛೇಡಿಸಿದರು. ನಲವತ್ತಮೂರನೇ ಮನೆ ನನ್ನ ಒಂಬತ್ತನೆಯ ಗುರುತು. ಅದನ್ನು ಒರೆಸಿ ನಲವತ್ತೆಂಟಕ್ಕೆ ಹೊರಟೆ.

"ಮೇಡಂ, ಇಲ್ಲೊಂದೈತೆ," ಎಂದರು ಆಶಾ ಕಾರ್ಯಕರ್ತೆ.

ನಲವತ್ತನಾಲ್ಕನೇ ಮನೆ. ಬಾಗಿಲ ಮೇಲಿನ ಅಡ್ಡಪಟ್ಟಿಯ ನಟ್ಟನಡುವೆ ಒಂದು ಸುತ್ತು, ನಡುವೆ ಚುಕ್ಕೆ. ಸೀಮೆಸುಣ್ಣದ್ದೇ. ನಾನು ಕೈ ಎತ್ತಿದೆ. ಬೆರಳ ತುದಿಗೂ ಅದಕ್ಕೂ ನಡುವೆ ಒಂದು ಗೇಣು ಉಳಿಯಿತು.

ಆ ಮನೆಯಲ್ಲಿ ಒಬ್ಬ ತಾಯಿ, ಒಬ್ಬ ಮಗಳು. ತಾಯಿ ಬ್ಲೌಸ್ ಹೊಲಿಯುತ್ತಾರೆ, ಕುರಿಯವರ ಬೀದಿಯ ಅರ್ಧ ಹೆಂಗಸರ ಅಳತೆ ಅವರಿಗೆ ಬಾಯಿಪಾಠ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂಬತ್ತನೇ ತಿಂಗಳು, ರಕ್ತ ಕಡಿಮೆ. ಬಾಗಿಲ ಮುಂದೆ ಒಂದು ವ್ಯಾನ್ ನಿಂತಿತ್ತು. ಫೋಟೋ ನೋಡಿದ ಅಳಿಯ ಹಿಂದೂಪುರದಿಂದ ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ. ಒಂದು ಚೀಲ ಆಗಲೇ ವ್ಯಾನಿನಲ್ಲಿತ್ತು. ಹುಡುಗಿ ಹೊಸಲಿನ ಒಳಗೆ ಗೋಡೆ ಹಿಡಿದು ನಿಂತಿದ್ದಳು.

"ಆ ರೋಡಾಗೆ ಅಷ್ಟು ದೂರ ಕುಲುಕ್ಸಿದ್ರೆ ದಾರೀಲೇ ಆಯ್ತದೆ," ಎಂದರು ಆಶಾ ಕಾರ್ಯಕರ್ತೆ ಅಳಿಯನಿಗೆ. "ನನ್ ಮಾತ್ ಕೇಳಪ್ಪ. ಇಲ್ಲಿ ಆಂಬುಲೆನ್ಸ್ ನಂಬರ್ ಹಾಕಿ ಮಡಗಿದ್ದೀನಿ."

ಅಳಿಯ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡಿದ. "ಮೇಡಂ, ಇದು ನಿಮ್ ಗುರ್ತು ತಾನೇ? ನಿಮ್ದಾದ್ರೆ ಹೇಳಿ, ಬಿಟ್ಟು ಹೋಗ್ತೀನಿ. ಅಲ್ಲ ಅಂದ್ರೆ ಈಗ್ಲೇ ಕರ್ಕೊಂಡ್ ಹೋಗ್ತೀನಿ."

ಅಲ್ಲ ಎಂದರೆ ಈ ಹುಡುಗಿ ವ್ಯಾನ್ ಹತ್ತುತ್ತಾಳೆ. ಅಷ್ಟೇ ಅಲ್ಲ, ಹಾಗಾದರೆ ಇದನ್ನು ಹಾಕಿದವರು ಯಾರು ಎಂದು ನನ್ನ ಹಿಂದೆ ನಿಂತ ಎರಡು ಗುಂಪು ಒಂದನ್ನೊಂದು ನೋಡುತ್ತವೆ. ಹೌದು ಎಂದರೆ, ಯಾರೋ ಬೇಕೆಂದೇ ಗುರುತು ಹಾಕಿದ ಮನೆಯಲ್ಲಿ ಅವಳನ್ನು ಉಳಿಸಿದ ಹಾಗೆ.

"ಒಂದು ಸ್ಟೂಲ್ ಕೊಡಿ," ಎಂದೆ.

ತಾಯಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲ್ ತಂದಿಟ್ಟರು. ಹತ್ತಿ ಒರೆಸಿದೆ. ಎಲ್ಲರಿಗೂ ಬೆನ್ನು ಹಾಕಿಯೇ ಹೇಳಿದೆ: "ನಂದೇ. ಲೆಕ್ಕ ತಪ್ಪಿ ಇಲ್ಲಿಗೂ ಹಾಕ್ಬಿಟ್ಟಿದ್ದೆ."

ಅಳಿಯ ಚೀಲವನ್ನು ವ್ಯಾನಿನಿಂದ ಇಳಿಸಿದ. ಆರೂವರೆಗೆ ಉಪವಾಸ ಬಿಡುವ ಹೊತ್ತಿಗೆ ಗಂಡಸರು ಬೀದಿಯ ಬಾಯಿಂದ ಎದ್ದು ಮಸೀದಿಗೆ ಹೋದರು, ಮರದ ಕೆಳಗಿನವರು ಕುರಿ ಕೂಡಿಹಾಕಲು ಹೋದರು. ಆಶಾ ಕಾರ್ಯಕರ್ತೆ ಬಸ್ ಸ್ಟಾಪಿನವರೆಗೆ ಬಂದರು.

"ನಿನ್ನೆ ಸ್ಟೂಲ್ ಇಲ್ದೆ ಹೆಂಗ್ ಹಾಕಿದ್ರಿ ಮೇಡಂ?" ಎಂದು ಅಲ್ಲಿ ಕೇಳಿದರು. "ನಾನೂ ಜತೇಲೇ ಇದ್ನಲ್ಲ."

ದಿನಚರಿಯಲ್ಲಿ ಆ ದಿನದ ಲೆಕ್ಕ: ಹಾಕಿದ್ದು ಹನ್ನೊಂದು, ಅಳಿಸಿದ್ದು ಹನ್ನೆರಡು.

ಗುರುವಾರದಿಂದ ಪ್ರತಿದಿನ ಬೆಳಗ್ಗೆ ಏಳಕ್ಕೆ ಆಶಾ ಕಾರ್ಯಕರ್ತೆಗೆ ಫೋನು ಮಾಡತೊಡಗಿದೆ. ಅವರು "ಏನೂ ಇಲ್ಲ" ಎನ್ನುತ್ತಿದ್ದರು, ನಾನು ಒಂದು ಗೆರೆ ಎಳೆಯುತ್ತಿದ್ದೆ. ಏಳಕ್ಕೆ ಐದು ನಿಮಿಷ ಇರುವಾಗಲೇ ಫೋನು ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ಶನಿವಾರ ಅವರು ಮೂರು ಸಲ ಫೋನು ಎತ್ತಲಿಲ್ಲ. ನಾಲ್ಕನೆಯದಕ್ಕೆ, "ಸ್ನಾನಕ್ಕೆ ಹೋಗಿದ್ದೆ ಕಣಮ್ಮ, ಅಷ್ಟಕ್ಕೇ ಅಳ್ತೀಯಾ?" ಎಂದರು. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಅವತ್ತೇ ಮಾರ್ಗದರ್ಶಕಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಸುಳ್ಳು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅಲ್ಲಿ ನಾನಿದ್ದಿದ್ರೂ ಏನು ಮಾಡ್ತಿದ್ದೆನೋ. ಆದ್ರೆ ಅದು ಅವರ ಮನೆ ಬಾಗಿಲು. ಆ ತಾಯಿಗೆ ಗೊತ್ತಿರಬೇಕು. ನಾಳೆಯೇ ಹೋಗು."

ಹದಿನಾರನೇ ತಾರೀಖು, ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ ನಲವತ್ತನಾಲ್ಕನೇ ಮನೆಯಲ್ಲಿ ಕೂತೆ. ಮಗಳು ಒಳಗೆ ಮಲಗಿದ್ದಳು. ತಾಯಿ ಬ್ಲೌಸಿಗೆ ತೋಳು ಜೋಡಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಯಂತ್ರ ನಿಲ್ಲಿಸಲಿಲ್ಲ.

"ಸ್ಟೂಲ್ ಕೇಳಿದ್ರಲ್ಲ, ಆಗ್ಲೇ ಗೊತ್ತಾಯ್ತು," ಎಂದರು. "ನಾನು ದಿನಾ ಜನರ ಅಳತೆ ತೆಗೆಯೋಳು. ನಿಮ್ ಕೈ ಅಲ್ಲಿಗೆ ಹೋಗಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ವ್ಯಾನಲ್ಲಿ ಕಳ್ಸೋ ಭಯ ಒಂದು, ಮನೇಲಿ ಇಟ್ಕೊಳ್ಳೋ ಭಯ ಒಂದು. ಯಾವ್ದು ಚಿಕ್ದು ಅಂತ ನೋಡಿದೆ."

ಪೊಲೀಸ್ ಠಾಣೆಗೆ ತಿಳಿಸೋಣವೇ, ನಾನೂ ಬರುತ್ತೇನೆ ಎಂದೆ. ಅವರು ದಾರ ಕಚ್ಚಿ ಕತ್ತರಿಸಿದರು. "ಯಾರ ಹೆಸರು ಬರೆಸ್ಲಿ ಅಮ್ಮಾ? ಈ ಬೀದಿ ಹುಡುಗ್ರು ಆ ಬೀದಿಯೋರು ಅಂತಾರೆ, ಅವರು ಈ ಬೀದಿಯೋರೇ ತಮಾಷೆಗೆ ಅಂತಾರೆ. ಗುರ್ತು ಅಳಿಸಿ ಹೋಗಿದೆ. ನೀವೇ ಅಳಿಸಿದ್ರಿ."

ಅದು ನಿಜ. ಒಂದು ಫೋಟೋ ಕೂಡ ತೆಗೆದುಕೊಳ್ಳದೆ ನಾನು ಅದನ್ನು ಒರೆಸಿದ್ದೆ. ಎಲ್ಲವನ್ನೂ ಬರೆದಿಡುವವಳು ಅದೊಂದನ್ನು ಹಾಗೇ ಹೋಗಗೊಟ್ಟಿದ್ದೆ.

ಹೊರಗೆ ಬಂದಾಗ ಜಗುಲಿಯಲ್ಲಿ ಒಬ್ಬ ಮುದುಕಿ ಕಂಬಳಿ ಮಡಚುತ್ತಿದ್ದಳು. ಕುರಿಯವರ ಬೀದಿಯವಳು, ಆಶಾ ಕಾರ್ಯಕರ್ತೆಯ ಸೋದರತ್ತೆ. ಅವಳ ನಾಯಿ ಮೆಟ್ಟಿಲ ಕೆಳಗೆ ಮಲಗಿತ್ತು. ಗುರುವಾರದಿಂದ ಇಲ್ಲೇ ಮಲಗಲು ಬರುತ್ತಿದ್ದಾಳೆಂದು ತಾಯಿ ಹೇಳಿದರು. ಯಾಕಜ್ಜಿ ಎಂದು ಕೇಳಿದೆ.

"ನಮ್ಮಟ್ಟೀಲಿ ಸೆಕೆ ಕಣವ್ವ." ಆಮೇಲೆ ತಾಯಿ ಒಳಗೆ ಹೋಗುವುದನ್ನು ಕಾದು, ದನಿ ತಗ್ಗಿಸಿದಳು. "ನಮ್ ಬೀದಿಯೋನೇ ಯಾವನಾರ ಹಾಕಿದ್ರೂ ಹಾಕಿರ್ಬೌದು. ಎತ್ತರದೋರು ನಮ್ಮಾಗೆ ಬೋ ಜನ ಅವ್ರೆ. ಅಂಗೇನಾರ ಇದ್ರೆ, ಬಂದೋನು ಮೊದ್ಲು ನನ್ ಮಖ ನೋಡ್ಲಿ ಅಂತ ಮಲಗ್ತೀನಿ."

ನನ್ನ ಸಂಶೋಧನೆಯ ಪ್ರಶ್ನೆ ಅದೇ ಅಲ್ಲವೇ, ಜಗಳ ನಿಲ್ಲಿಸುವವರು ಯಾರು ಎಂದು. ಉತ್ತರ ಕಣ್ಣೆದುರೇ ಕಂಬಳಿ ಮಡಚುತ್ತ ಕೂತಿತ್ತು. ಆದರೆ ನನಗೆ ಅವತ್ತು ಸಮಾಧಾನವಾಗಲಿಲ್ಲ, ಭಯ ಹೆಚ್ಚಾಯಿತು. ಅಷ್ಟು ದಿನ, ಅದು ಯಾರೋ ಹುಡುಗರ ಚೇಷ್ಟೆ ಇರಬೇಕೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಊರನ್ನು ಎಪ್ಪತ್ತು ವರ್ಷ ಬಲ್ಲವಳು ಹಾಗೆ ಅಂದುಕೊಂಡಿರಲಿಲ್ಲ.

ಇಪ್ಪತ್ತನಾಲ್ಕನೇ ತಾರೀಖು, ಸೋಮವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಶಿರಾದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಎರಡು ಕಿಲೋ ಆರುನೂರು ಗ್ರಾಂ. ಒಂದು ಬಾಟಲಿ ರಕ್ತ ಕೊಡಬೇಕಾಯಿತು. ಹಬ್ಬ ಸುಸೂತ್ರವಾಗಿ ಕಳೆಯಿತು. ಮೂರು ತಿಂಗಳು ತುಂಬಿದ ಮೇಲೆ ಮಗಳು ಮಗುವನ್ನು ಕರೆದುಕೊಂಡು ಹಿಂದೂಪುರಕ್ಕೆ ಹೋದಳು. ನನ್ನ ಬೆಳಗಿನ ಗೆರೆಗಳನ್ನು ಎಣಿಸಿದೆ. ನೂರ ಎಂಟು. ನೂರ ಎಂಟು ದಿನ ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೆ ಕಾರಣ ಅಜ್ಜಿಯೋ, ನನ್ನ ಸುಳ್ಳೋ, ಅಥವಾ ಆಗುವಂಥದ್ದು ಮೊದಲೇ ಏನೂ ಇರಲಿಲ್ಲವೋ, ಈ ಗೆರೆಗಳಿಂದ ತಿಳಿಯುವುದಿಲ್ಲ.

ಪ್ರಬಂಧದಲ್ಲಿ ನನ್ನ ತಪ್ಪನ್ನು ಒಂದು ಅಧ್ಯಾಯವಾಗಿಯೇ ಬರೆದಿದ್ದೇನೆ. ನಮ್ಮ ವಿಭಾಗದಲ್ಲಿ ಈಗ ಯಾರೂ ಯಾರ ಮನೆಗೂ ಗುರುತು ಹಾಕುವುದಿಲ್ಲ. ಮೊದಲ ದಿನ ಎಲ್ಲ ಬೀದಿಯವರನ್ನೂ ಕೂರಿಸಿ ಹೇಳಿದ ಮೇಲೆಯೇ ಕೆಲಸ. ಆದರೆ ಹನ್ನೆರಡನೆಯ ಗುರುತಿನ ಬಗ್ಗೆ ಅಲ್ಲಿ ಬರೆಯಲು ನನ್ನ ಬಳಿ ಒಂದು ವಾಕ್ಯ ಬಿಟ್ಟರೆ ಬೇರೆ ಇಲ್ಲ: ಹಾಕಿದವರು ತಿಳಿದುಬಂದಿಲ್ಲ.

ಕಳೆದ ವಾರ ಆ ತಾಯಿ ಫೋನು ಮಾಡಿದ್ದರು. ಮಗಳು ತವರಿಗೆ ಬರಬೇಕೆಂದು ಹಟ ಹಿಡಿದಿದ್ದಾಳಂತೆ, ಮಗುವಿಗೆ ಹಲ್ಲು ಬಂದಿದೆಯಂತೆ. "ಕರೆಸ್ಲಾ ಅಮ್ಮಾ? ನೀವೇನಂತೀರಾ?" ಎಂದರು. ಒಮ್ಮೆ ನಾನು ಹೇಳಿದ ಮಾತಿನಿಂದ ಆ ಹುಡುಗಿ ಅಲ್ಲಿ ಉಳಿದಿದ್ದಳು. ಇನ್ನೊಮ್ಮೆ ಗೊತ್ತಿಲ್ಲದೆ ಹೇಳಲಾರೆ. ಎರಡು ದಿನ ಸಮಯ ಕೇಳಿದೆ, ಎಂಟು ದಿನವಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಾರ್ಚ್ ಹನ್ನೊಂದರ ಮಧ್ಯಾಹ್ನಕ್ಕೂ ಹನ್ನೆರಡರ ಸಂಜೆಗೂ ನಡುವೆ ಆ ಬಾಗಿಲ ಮೇಲೆ ಕೈ ಎತ್ತಿದವರನ್ನು ಕಂಡವರು, ಅವರ ಬಾಯಿಂದ ಕೇಳಿದವರು, ಅಥವಾ ಅವರೇ, ಇದನ್ನು ಓದುತ್ತಿದ್ದರೆ ಈ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಒಂದು ಕಾಗದ ಹಾಕಿ. ಹೆಸರು ಬೇಡ, ಸಹಿ ಬೇಡ. ಅದು ತಮಾಷೆಗೆ ಹಾಕಿದ್ದೋ ಅಲ್ಲವೋ, ಅಷ್ಟನ್ನು ಬರೆದರೆ ಸಾಕು. ಆ ತಾಯಿಗೆ ನಾನು ಉತ್ತರ ಹೇಳಬೇಕಾಗಿದೆ.